ಸರ್ವರ್ ಬಾಡಿಗೆಗೆ, ಹೊಣೆ ಯಾರಿಗೆ?

ಹುಬ್ಬಳ್ಳಿಯ ಔಷಧ ವಿತರಕರಿರಲಿ, ಮಂಗಳೂರಿನ ಗೋಡಂಬಿ ರಫ್ತುದಾರರಿರಲಿ, ಪೀಣ್ಯದ ಬಿಡಿಭಾಗ ತಯಾರಕರಿರಲಿ, ವ್ಯವಹಾರ ಒಂದು ಹಂತ ದಾಟಿದ ಮೇಲೆ ಎದುರಾಗುವ ಪ್ರಶ್ನೆ ಒಂದೇ: ಟ್ಯಾಲಿ, ಇಆರ್‌ಪಿ, ಬಿಲ್ಲಿಂಗ್, ಗ್ರಾಹಕರ ಆರ್ಡರ್ ತೆಗೆದುಕೊಳ್ಳುವ ವೆಬ್‌ಸೈಟ್, ಇವನ್ನೆಲ್ಲ ಎಲ್ಲಿಡುವುದು? ಆಫೀಸಿನ ಮೂಲೆಯಲ್ಲಿ ಯುಪಿಎಸ್ ಪಕ್ಕ ಗುಂಯ್‌ಗುಡುತ್ತಿರುವ ಹಳೆಯ ಟವರ್ ಸರ್ವರ್ ಸಾಲದು ಅನ್ನಿಸತೊಡಗುತ್ತದೆ. ಲೆಕ್ಕಪರಿಶೋಧಕರು ‘ಕ್ಲೌಡ್‌ಗೆ ಹಾಕಿಬಿಡಿ’ ಅನ್ನುತ್ತಾರೆ. ಸಾಫ್ಟ್‌ವೇರ್ ಹುಡುಗ ‘ಡೆಡಿಕೇಟೆಡ್ ತಗೊಳ್ಳಿ ಸಾರ್, ಅದೇ ದುಡ್ಡಿಗೆ ನಾಲ್ಕು ಪಟ್ಟು ಸಿಗುತ್ತೆ’ ಅನ್ನುತ್ತಾನೆ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದರೆ ನಡುರಾತ್ರಿ ಡಿಸ್ಕ್ ಕೈಕೊಟ್ಟರೆ ಎದ್ದು ಕೂರುವವರು ಯಾರು ಎನ್ನುವುದನ್ನು ಇಬ್ಬರೂ ಹೇಳುವುದಿಲ್ಲ.

ಡೆಡಿಕೇಟೆಡ್ ಸರ್ವರ್ ಅಂದರೆ ಯಾವುದೋ ಡೇಟಾ ಸೆಂಟರ್‌ನ ರ್ಯಾಕ್‌ನಲ್ಲಿರುವ ಒಂದು ಇಡೀ ಯಂತ್ರವನ್ನು ತಿಂಗಳ ಬಾಡಿಗೆಗೆ ಪಡೆಯುವುದು. ಕೋರ್ ಎಷ್ಟು, ರ್ಯಾಮ್ ಎಷ್ಟು ಎನ್ನುವ ಹೋಲಿಕೆಯಲ್ಲೇ ಈ ಚರ್ಚೆ ಸಾಮಾನ್ಯವಾಗಿ ಮುಗಿದುಹೋಗುತ್ತದೆ. ಬಾಡಿಗೆ ಕಡಿಮೆಯಾದ ಕಡೆಯಲ್ಲೆಲ್ಲ ಯಾವುದೋ ಒಂದು ಹೊಣೆ ಸದ್ದಿಲ್ಲದೆ ಬಾಡಿಗೆದಾರನ ಹೆಗಲಿಗೆ ಜಾರಿರುತ್ತದೆ. ಆಯ್ಕೆಯ ಪ್ರತಿಯೊಂದು ಹಂತವನ್ನೂ ಈ ದೃಷ್ಟಿಯಿಂದ ನೋಡಿದರೆ ಗೊಂದಲ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಮಾರುಕಟ್ಟೆಯಲ್ಲಿರುವ ದಾರಿಗಳು

ತೀರಾ ಕೆಳಗಿನ ಮೆಟ್ಟಿಲು ಶೇರ್ಡ್ ಹೋಸ್ಟಿಂಗ್. ಒಂದೇ ಯಂತ್ರದಲ್ಲಿ ನೂರಾರು ವೆಬ್‌ಸೈಟ್‌ಗಳಿರುತ್ತವೆ. ಪಕ್ಕದವನ ಸೈಟಿಗೆ ಜನ ನುಗ್ಗಿದರೆ ನಿಮ್ಮದೂ ತೆವಳುತ್ತದೆ. ಅಂಗಡಿಯ ಪರಿಚಯ ಪುಟಕ್ಕೆ ಇದು ಸಾಕು, ಲೆಕ್ಕಪತ್ರಕ್ಕೆ ಸಾಲದು. ಅದರ ಮೇಲಿನದು ವಿಪಿಎಸ್. ಒಂದು ಭೌತಿಕ ಯಂತ್ರವನ್ನು ಸಾಫ್ಟ್‌ವೇರ್ ಮೂಲಕ ಹಲವು ಪಾಲು ಮಾಡಿ, ಪ್ರತಿ ಪಾಲನ್ನೂ ಬೇರೆ ಬೇರೆ ಸರ್ವರ್ ಎಂಬಂತೆ ಕೊಡುತ್ತಾರೆ. ಇದೇ ವ್ಯವಸ್ಥೆಯನ್ನು ಗಂಟೆ ಲೆಕ್ಕದಲ್ಲಿ, ಬೇಕೆಂದಾಗ ಹಿಗ್ಗಿಸಿ ಬೇಡವೆಂದಾಗ ಕುಗ್ಗಿಸುವಂತೆ, ಕ್ಲೌಡ್ ಎಂಬ ಹೆಸರಲ್ಲಿ ದೊಡ್ಡ ಪ್ರಮಾಣದಲ್ಲಿ ಮಾರಲು ಹೊರಟದ್ದು ಅಮೆಜಾನ್. ಅದರ ಇಸಿ2 ಸೇವೆ 2006ರಲ್ಲಿ ಶುರುವಾಯಿತು, ಮುಂಬೈ ಕೇಂದ್ರ 2016ರಲ್ಲಿ ಬಂತು.

ಡೆಡಿಕೇಟೆಡ್‌ನಲ್ಲಿ ಪಾಲುದಾರರಿಲ್ಲ. ಪ್ರೊಸೆಸರ್, ಮೆಮೊರಿ, ಡಿಸ್ಕ್ ಎಲ್ಲವೂ ಒಬ್ಬರಿಗೇ. ಇತ್ತೀಚೆಗೆ ‘ಬೇರ್ ಮೆಟಲ್’ ಎಂಬ ಹೆಸರಲ್ಲಿ ಮಾರುವುದೂ ಬಹುತೇಕ ಇದನ್ನೇ. ಯಂತ್ರ ಕೆಲವೇ ನಿಮಿಷದಲ್ಲಿ ಸಿದ್ಧವಾಗುತ್ತದೆ ಅನ್ನುವುದಷ್ಟೇ ಹೆಚ್ಚುಗಾರಿಕೆ. ಇನ್ನೂ ಮೇಲಕ್ಕೆ ಹೋದರೆ ಕೋಲೊಕೇಶನ್: ಯಂತ್ರ ನಿಮ್ಮ ಸ್ವಂತದ್ದು, ಜಾಗ, ಕರೆಂಟು, ತಂಪು, ನೆಟ್‌ವರ್ಕ್ ಮಾತ್ರ ಬಾಡಿಗೆ. ಅಲ್ಲಿ ಹಾರ್ಡ್‌ವೇರ್ ಕೆಟ್ಟರೂ ನೀವೇ ನೋಡಿಕೊಳ್ಳಬೇಕು. ಹೀಗೆ ಮೆಟ್ಟಿಲು ಏರಿದಷ್ಟೂ ಹಿಡಿತ ಹೆಚ್ಚುತ್ತದೆ, ಉಸಾಬರಿಯೂ ಹೆಚ್ಚುತ್ತದೆ.

ಯಾರಿಗೆ ಬೇಕು, ಯಾರಿಗೆ ಬೇಡ

ದಿನವೂ ಲೋಡು ಸಿಗುವವನು ಸ್ವಂತ ಲಾರಿ ಇಟ್ಟುಕೊಳ್ಳುತ್ತಾನೆ. ಸುಗ್ಗಿಯಲ್ಲಿ ಮಾತ್ರ ಸಾಗಿಸುವವನು ಬಾಡಿಗೆ ಲಾರಿ ಕರೆಯುತ್ತಾನೆ. ಸರ್ವರ್ ಲೆಕ್ಕವೂ ಅಲ್ಲಿಂದಲೇ ಶುರುವಾಗಬೇಕು. ವಿತರಕರ ಬಿಲ್ಲಿಂಗ್ ಸೋಮವಾರದಿಂದ ಶನಿವಾರದವರೆಗೆ ಹೆಚ್ಚು ಕಡಿಮೆ ಒಂದೇ ಹದದಲ್ಲಿ ನಡೆಯುತ್ತದೆ. ಅಂಥ ಸ್ಥಿರ ಹೊರೆಗೆ ಡೆಡಿಕೇಟೆಡ್ ಒಗ್ಗುತ್ತದೆ. ಸಿಇಟಿ ಫಲಿತಾಂಶದ ದಿನ ಇದ್ದಕ್ಕಿದ್ದಂತೆ ಜನ ಮುಗಿಬೀಳುವ ಕೋಚಿಂಗ್ ಕೇಂದ್ರದ ಸೈಟಿಗೆ ವರ್ಷವಿಡೀ ದೊಡ್ಡ ಯಂತ್ರ ಇಟ್ಟುಕೊಳ್ಳುವುದು ದಂಡ. ಅದಕ್ಕೆ ಕ್ಲೌಡ್ ಸರಿ.

ಸ್ಥಿರ ಹೊರೆಯ ವಾದಕ್ಕೆ ಈಚಿನ ವರ್ಷಗಳಲ್ಲಿ ಬಲ ತುಂಬಿದ್ದು ಬೇಸ್‌ಕ್ಯಾಂಪ್ ತಂತ್ರಾಂಶ ತಯಾರಿಸುವ ಅಮೆರಿಕದ 37ಸಿಗ್ನಲ್ಸ್. 2022ರಲ್ಲಿ ಆ ಕಂಪನಿಯ ಕ್ಲೌಡ್ ಖರ್ಚು ಸುಮಾರು 32 ಲಕ್ಷ ಡಾಲರ್. ಆ ವರ್ಷದ ಕೊನೆಗೆ ಅದರ ಪಾಲುದಾರ ಡೇವಿಡ್ ಹೈನ್‌ಮೈಯರ್ ಹ್ಯಾನ್ಸನ್ ಕ್ಲೌಡ್ ಬಿಡುವುದಾಗಿ ಬಹಿರಂಗವಾಗಿ ಬರೆದರು. ಮರುವರ್ಷ ಡೆಲ್ ಸರ್ವರ್‌ಗಳನ್ನು ಕೊಂಡು, ಕೋಲೊಕೇಶನ್‌ನಲ್ಲಿಟ್ಟು, ಖರ್ಚಿನಲ್ಲಿ ದೊಡ್ಡ ಪಾಲನ್ನು ಇಳಿಸಿದರು. ಈ ಕತೆಯನ್ನು ಎಲ್ಲರೂ ಹೇಳುತ್ತಾರೆ. ಅದರ ಇನ್ನೊಂದು ಮುಖವನ್ನು ಹೇಳುವವರು ಕಡಿಮೆ. ಅವರಲ್ಲಿ ಸರ್ವರ್ ನೋಡಿಕೊಳ್ಳುವ ಅನುಭವಿ ತಂಡ ಮೊದಲೇ ಇತ್ತು. ಕ್ಲೌಡ್‌ನಲ್ಲಿದ್ದಾಗಲೂ ಅದೇ ತಂಡ, ಬಿಟ್ಟಮೇಲೂ ಅದೇ ತಂಡ. ಆ ಸಂಬಳ ಈಗಾಗಲೇ ಕೊಡುತ್ತಿದ್ದವರಿಗೆ ಉಳಿತಾಯವಾಯಿತು. ಹೊಸದಾಗಿ ಒಬ್ಬರನ್ನು ನೇಮಿಸಬೇಕಾದ ಸಣ್ಣ ಸಂಸ್ಥೆಗೆ ಲೆಕ್ಕ ಹಾಗೇ ಬರುವುದಿಲ್ಲ.

ಡೆಡಿಕೇಟೆಡ್ ಗೆಲ್ಲುವ ಇನ್ನೊಂದು ಜಾಗ ಡೇಟಾ ಸಾಗಣೆ. ಕ್ಲೌಡ್‌ನಿಂದ ಹೊರಹೋಗುವ ಪ್ರತಿ ಜಿಬಿಗೂ ಶುಲ್ಕವಿದೆ. ಅಮೆಜಾನ್‌ನ ಮುಂಬೈ ಕೇಂದ್ರದ ಪಟ್ಟಿ ದರ ಆರಂಭದ ಹಂತದಲ್ಲಿ ಜಿಬಿಗೆ ಸುಮಾರು 11 ಸೆಂಟ್. ತಿಂಗಳಿಗೆ 5 ಟಿಬಿ ವಿಡಿಯೊ ಪಾಠ ಹರಿಸುವ ಸಂಸ್ಥೆಗೆ ಸಾಗಣೆಯ ಬಿಲ್ಲೇ ಐನೂರು ಡಾಲರ್ ದಾಟುತ್ತದೆ. ಡೆಡಿಕೇಟೆಡ್ ಕೊಡುವವರು ಬಹುತೇಕ ಒಂದು ಮಿತಿಯವರೆಗಿನ ಸಾಗಣೆಯನ್ನು ಬಾಡಿಗೆಯಲ್ಲೇ ಸೇರಿಸಿರುತ್ತಾರೆ. ‘ಅನ್‌ಮೀಟರ್ಡ್’ ಎಂಬ ಮಾತು ಕಂಡಾಗ ಮಾತ್ರ ಪೋರ್ಟ್‌ನ ವೇಗ ಕೇಳಬೇಕು. 100 ಎಂಬಿಪಿಎಸ್ ಪೋರ್ಟ್ ಮೂವತ್ತು ದಿನ ಪೂರ್ತಿ ತುಂಬಿ ಹರಿದರೂ 32 ಟಿಬಿ ಮಾತ್ರ. 1 ಜಿಬಿಪಿಎಸ್ ಆದರೆ 324 ಟಿಬಿ. ಆ ಪೋರ್ಟ್ ನಿಮಗೊಬ್ಬರಿಗೇ ಮೀಸಲೋ, ರ್ಯಾಕ್‌ನವರೆಲ್ಲ ಹಂಚಿಕೊಳ್ಳುವುದೋ ಎನ್ನುವುದು ಅದರ ಮುಂದಿನ ಪ್ರಶ್ನೆ.

ಯಂತ್ರದೊಳಗೆ ಏನು ನೋಡಬೇಕು

ಸಣ್ಣ ವ್ಯಾಪಾರದ ಸರ್ವರ್‌ನಲ್ಲಿ ಮೊದಲು ಸೋಲುವುದು ಪ್ರೊಸೆಸರ್ ಅಲ್ಲ, ಡಿಸ್ಕ್. ಹಾಗಾಗಿ ಅಲ್ಲಿಂದಲೇ ನೋಡಬೇಕು. ಡೇಟಾಬೇಸ್‌ಗೆ ಎನ್‌ವಿಎಂಇ ಎಸ್‌ಎಸ್‌ಡಿ, ಅದೂ ಎರಡು, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಬರೆಯುವ ರೇಡ್ 1 ವ್ಯವಸ್ಥೆಯಲ್ಲಿ. ಒಂದು ಡಿಸ್ಕ್ ಸತ್ತರೂ ಕೆಲಸ ನಿಲ್ಲುವುದಿಲ್ಲ. ಆದರೆ ಒಂದು ಸತ್ತಿದೆ ಎಂದು ಯಾರಾದರೂ ಗಮನಿಸಬೇಕು, ಬದಲಿಸಲು ಟಿಕೆಟ್ ಹಾಕಬೇಕು. ಹಾಗೆ ಗಮನಿಸುವವರಿಲ್ಲದ ಕಡೆ ಎರಡನೇ ಡಿಸ್ಕ್ ಸಾಯುವವರೆಗೆ ಎಲ್ಲ ಚೆನ್ನಾಗಿಯೇ ಇರುವಂತೆ ಕಾಣುತ್ತದೆ.

ಮೆಮೊರಿಯಲ್ಲಿ ಇಸಿಸಿ ಇದೆಯೇ ಕೇಳಬೇಕು. ಇಸಿಸಿ ಮೆಮೊರಿ ತನ್ನೊಳಗೆ ನುಸುಳುವ ಒಂದು ಬಿಟ್‌ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ. ಅತಿ ಅಗ್ಗದ ಡೆಡಿಕೇಟೆಡ್ ಯಂತ್ರಗಳಲ್ಲಿ ಹಲವನ್ನು ಮನೆಬಳಕೆಯ ಕಂಪ್ಯೂಟರ್‌ನ ಪ್ರೊಸೆಸರ್ ಹಾಕಿ, ಇಸಿಸಿ ಇಲ್ಲದೆ ಕೊಟ್ಟಿರುತ್ತಾರೆ. ಜರ್ಮನಿಯ ಹೆಟ್ಸ್ನರ್ ಕಂಪನಿ ಹಳೆಯ ಯಂತ್ರಗಳನ್ನು ಕಡಿಮೆ ಬಾಡಿಗೆಗೆ ಬಿಡಲು ಹರಾಜಿನ ಪುಟವನ್ನೇ ನಡೆಸುತ್ತದೆ. ಪ್ರಯೋಗಕ್ಕೆ, ಎರಡನೇ ಬ್ಯಾಕಪ್‌ಗೆ ಅದು ಒಳ್ಳೆಯ ಜಾಗ. ಮುಖ್ಯ ಲೆಕ್ಕಪತ್ರವನ್ನು ಅಲ್ಲಿಡುವ ಮುನ್ನ ಡಿಸ್ಕ್‌ಗಳು ಎಷ್ಟು ಗಂಟೆ ದುಡಿದಿವೆ ಎಂಬುದನ್ನು ಅವು ತಾವೇ ದಾಖಲಿಸುವ ಸ್ಮಾರ್ಟ್ (SMART) ವರದಿಯಲ್ಲಿ ಓದಿಕೊಳ್ಳಬೇಕು.

ಕೋರ್‌ಗಳ ಸಂಖ್ಯೆಗೆ ಮರುಳಾಗಬಾರದು. ಲೆಕ್ಕಪತ್ರ ಮತ್ತು ಇಆರ್‌ಪಿಯಂಥ ಕೆಲಸಕ್ಕೆ ಅನೇಕ ವೇಳೆ ಒಂದೊಂದು ಕೋರ್‌ನ ವೇಗವೇ ಮುಖ್ಯ. ವಿಂಡೋಸ್ ಸರ್ವರ್ ಬಳಸುವವರಿಗಂತೂ ಹೆಚ್ಚು ಕೋರ್ ಅಂದರೆ ಹೆಚ್ಚು ಖರ್ಚು. ಅದರ ಪರವಾನಗಿ ಕೋರ್ ಲೆಕ್ಕದ್ದು, ಪ್ರತಿ ಸರ್ವರ್‌ಗೆ ಕನಿಷ್ಠ 16 ಕೋರ್‌ನಷ್ಟು ಕೊಳ್ಳಲೇಬೇಕು. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಟ್ಯಾಲಿ ತೆರೆಯುವ ಪ್ರತಿಯೊಬ್ಬರಿಗೂ ಬೇರೆ ಪರವಾನಗಿ. ಬಾಡಿಗೆಯ ಹೋಲಿಕೆ ಪಟ್ಟಿಯಲ್ಲಿ ಈ ಸಾಲು ಬಿಟ್ಟುಹೋಗುವುದೇ ಹೆಚ್ಚು. ಇಆರ್‌ಪಿನೆಕ್ಸ್ಟ್‌ನಂಥ ಮುಕ್ತ ತಂತ್ರಾಂಶಕ್ಕೆ ಲಿನಕ್ಸ್ ಸಾಕಾಗುವುದರಿಂದ ಈ ಹೊರೆ ಇಲ್ಲ. ಅಲ್ಲಿಯೂ ಆಯಸ್ಸು ನೋಡಬೇಕು: ಹೋಸ್ಟಿಂಗ್ ಲೋಕದಲ್ಲಿ ವರ್ಷಗಟ್ಟಲೆ ಮನೆಮಾತಾಗಿದ್ದ ಲಿನಕ್ಸ್ ಆವೃತ್ತಿ ಸೆಂಟ್‌ಓಎಸ್ 7ರ ಬೆಂಬಲ 2024ರ ಜೂನ್ 30ಕ್ಕೆ ಮುಗಿಯಿತು. ಈಗಲೂ ಅದನ್ನೇ ಹಾಕಿಕೊಡುವವರ ಬಳಿ ಹೆಚ್ಚು ಮಾತು ಬೇಡ.

ಕೊನೆಯದಾಗಿ, ಯಂತ್ರ ಪೂರ್ತಿ ಮಲಗಿದಾಗ ದೂರದಿಂದಲೇ ಅದರ ಪರದೆ ನೋಡಿ ಮತ್ತೆ ಎಬ್ಬಿಸುವ ದಾರಿ ಇರಬೇಕು. ಡೆಲ್‌ನಲ್ಲಿ ಐಡ್ರ್ಯಾಕ್, ಎಚ್‌ಪಿಇಯಲ್ಲಿ ಐಎಲ್‌ಒ, ಸಾಮಾನ್ಯವಾಗಿ ಐಪಿಎಂಐ ಅನ್ನುವುದು ಇದನ್ನೇ. ಇದು ಬಾಡಿಗೆಯಲ್ಲಿ ಸೇರಿದೆಯೇ, ಕೇಳಿದಾಗಲೆಲ್ಲ ಶುಲ್ಕವೇ ಎಂದು ಮೊದಲೇ ತಿಳಿಯಬೇಕು. ಈ ಬಾಗಿಲನ್ನು ಇಂಟರ್‌ನೆಟ್‌ಗೆ ನೇರವಾಗಿ ತೆರೆದಿಡುವ ಕಂಪನಿಯಾದರೆ ಅದರ ಭದ್ರತೆಯ ಮಟ್ಟ ಅಲ್ಲೇ ಗೊತ್ತಾಗುತ್ತದೆ.

ದೂರದ ಲೆಕ್ಕ

ಯಂತ್ರ ಎಲ್ಲಿರಬೇಕು ಎನ್ನುವುದನ್ನು ಭೌತಶಾಸ್ತ್ರವೇ ಅರ್ಧ ತೀರ್ಮಾನಿಸುತ್ತದೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಬೆಂಗಳೂರಿನಿಂದ ಮುಂಬೈಗೆ ನೇರ ದೂರ 850 ಕಿ.ಮೀ. ಆಸುಪಾಸು; ಹೋಗಿ ಬರಲು ಕನಿಷ್ಠ ಎಂಟೊಂಬತ್ತು ಮಿಲಿಸೆಕೆಂಡ್. ಫ್ರಾಂಕ್‌ಫರ್ಟ್‌ಗೆ 7,400 ಕಿ.ಮೀ.; ಅತ್ಯುತ್ತಮ ಸ್ಥಿತಿಯಲ್ಲೂ 74 ಮಿಲಿಸೆಕೆಂಡ್ ಬೇಕೇ ಬೇಕು. ಕೇಬಲ್ ಸುತ್ತಿಕೊಂಡು ಹೋಗುವುದರಿಂದ ನಿಜದಲ್ಲಿ ನೂರು ದಾಟುವುದು ಮಾಮೂಲು. ವೆಬ್‌ಸೈಟ್ ಓದುವವರಿಗೆ ಇದು ಅಷ್ಟಾಗಿ ತಿಳಿಯದು. ದಿನವಿಡೀ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ವೋಚರ್ ಹೊಡೆಯುವ ಗುಮಾಸ್ತರಿಗೆ ಪ್ರತಿ ಕೀಲಿಯಲ್ಲೂ ತಿಳಿಯುತ್ತದೆ.

ಬೆಂಗಳೂರು ಐಟಿ ರಾಜಧಾನಿಯಾದರೂ ದೇಶದಲ್ಲಿ ಡೇಟಾ ಸೆಂಟರ್ ಸಾಮರ್ಥ್ಯ ಹೆಚ್ಚಿರುವುದು ಮುಂಬೈಯಲ್ಲಿ. ಚೆನ್ನೈಗೂ ದೊಡ್ಡ ಪಾಲಿದೆ. ಸಮುದ್ರದಡಿಯ ಕೇಬಲ್‌ಗಳು ಹೆಚ್ಚಾಗಿ ದಡ ಸೇರುವುದು ಈ ಎರಡು ಊರುಗಳಲ್ಲೇ ಎನ್ನುವುದು ಅದಕ್ಕೊಂದು ಮುಖ್ಯ ಕಾರಣ. ಗ್ರಾಹಕರೆಲ್ಲ ಕರ್ನಾಟಕದೊಳಗೇ ಇರುವವರಿಗೆ ಬೆಂಗಳೂರು, ಚೆನ್ನೈ, ಮುಂಬೈ, ಹೈದರಾಬಾದ್ ಯಾವುದಾದರೂ ನಡೆಯುತ್ತದೆ. ವ್ಯತ್ಯಾಸ ಕೆಲವೇ ಮಿಲಿಸೆಕೆಂಡ್. ಯುರೋಪಿನಲ್ಲಿ ಅಗ್ಗವೆಂದು ಹೋಗುವವರು ಇನ್ನೊಂದನ್ನೂ ನೆನಪಿಡಬೇಕು. 2025ರ ಸೆಪ್ಟೆಂಬರ್‌ನಲ್ಲಿ ಕೆಂಪು ಸಮುದ್ರದಲ್ಲಿ ಕೇಬಲ್‌ಗಳು ತುಂಡಾದಾಗ ಭಾರತ ಮತ್ತು ಯುರೋಪ್ ನಡುವಿನ ಸಂಚಾರ ಸುತ್ತುದಾರಿ ಹಿಡಿದು ನಿಧಾನವಾಯಿತು. ಸರ್ವರ್ ಸರಿಯಾಗಿಯೇ ಇತ್ತು, ನೇರ ದಾರಿ ಇರಲಿಲ್ಲ.

‘ಮ್ಯಾನೇಜ್ಡ್’ ಅಂದರೆ ಎಷ್ಟು?

ಇಡೀ ಆಯ್ಕೆಯಲ್ಲಿ ಅತಿ ಹೆಚ್ಚು ಜಗಳಕ್ಕೆ ಕಾರಣವಾಗುವುದು ಈ ವಿಷಯ. ಅನ್‌ಮ್ಯಾನೇಜ್ಡ್ ಸರ್ವರ್‌ನಲ್ಲಿ ಕೊಡುವವರ ಹೊಣೆ ಕರೆಂಟು, ನೆಟ್‌ವರ್ಕ್, ಕೆಟ್ಟ ಬಿಡಿಭಾಗದ ಬದಲಾವಣೆ, ಇಷ್ಟಕ್ಕೇ ಮುಗಿಯಿತು. ಆಪರೇಟಿಂಗ್ ಸಿಸ್ಟಮ್‌ನ ಭದ್ರತಾ ಅಪ್‌ಡೇಟ್, ಫೈರ್‌ವಾಲ್, ಡೇಟಾಬೇಸ್, ಬ್ಯಾಕಪ್, ಇಮೇಲ್ ಎಲ್ಲ ನಿಮ್ಮದು. ಮ್ಯಾನೇಜ್ಡ್ ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆ ಇಲ್ಲ. ಒಬ್ಬರ ಪ್ರಕಾರ ಅದು ಇಪ್ಪತ್ತನಾಲ್ಕು ಗಂಟೆ ಕಾವಲು, ಅಪ್‌ಡೇಟ್, ಬ್ಯಾಕಪ್ ಎಲ್ಲವೂ ಸೇರಿದ ಸೇವೆ. ಇನ್ನೊಬ್ಬರ ಪ್ರಕಾರ ನೀವು ಫೋನ್ ಮಾಡಿದರೆ ರೀಬೂಟ್ ಮಾಡಿಕೊಡುವುದು. ಯಾವ ಕೆಲಸ ಯಾರದು ಎಂದು ಎರಡು ಅಂಕಣದ ಪಟ್ಟಿ ಬರೆದು ಒಪ್ಪಂದಕ್ಕೆ ಲಗತ್ತಿಸಿಕೊಳ್ಳುವುದು ಅದಕ್ಕಿರುವ ಮದ್ದು.

ಅಪ್‌ಡೇಟ್ ಮಾಡದ, ರಿಮೋಟ್ ಡೆಸ್ಕ್‌ಟಾಪ್ ಬಾಗಿಲನ್ನು ಇಡೀ ಜಗತ್ತಿಗೆ ತೆರೆದಿಟ್ಟ ವಿಂಡೋಸ್ ಸರ್ವರ್ ರ್ಯಾನ್ಸಮ್‌ವೇರ್ ದಾಳಿಕೋರರಿಗೆ ಬಲು ಸುಲಭದ ಬೇಟೆ. ವಿಪಿಎನ್ ಒಳಗಿನಿಂದ ಮಾತ್ರ ಪ್ರವೇಶ, ಎರಡು ಹಂತದ ಲಾಗಿನ್, ತಿಂಗಳಿಗೊಮ್ಮೆಯಾದರೂ ಅಪ್‌ಡೇಟ್: ಇವು ದೊಡ್ಡ ವಿದ್ಯೆಯಲ್ಲ, ಆದರೆ ಮಾಡುವ ಒಂದು ಕೈ ಬೇಕು. ಆ ಕೈ ಕಂಪನಿಯೊಳಗಿನದಾಗಿರಬಹುದು, ಎಎಂಸಿ ಮೇಲೆ ಬರುವ ಸಿಸ್ಟಮ್ ಅಡ್ಮಿನ್‌ದಾಗಿರಬಹುದು, ಹೋಸ್ಟಿಂಗ್ ಕಂಪನಿಯದೇ ಆಗಿರಬಹುದು. ಮೂರಕ್ಕೂ ಖರ್ಚಿದೆ, ಆ ಖರ್ಚನ್ನು ಸರ್ವರ್ ಬಾಡಿಗೆಗೆ ಕೂಡಿಸಿದ ಮೇಲೆಯೇ ‘ಅಗ್ಗ’ ಎಂಬ ಮಾತು ಆಡಬೇಕು. ಇಮೇಲ್ ಅನ್ನಂತೂ ಇದೇ ಸರ್ವರ್‌ಗೆ ಹೇರದಿರುವುದು ಒಳ್ಳೆಯದು. ಕಳಿಸಿದ ಇನ್‌ವಾಯ್ಸ್ ಸ್ಪ್ಯಾಮ್ ಪೆಟ್ಟಿಗೆಗೆ ಬೀಳದಂತೆ ನೋಡಿಕೊಳ್ಳುವುದೇ ಒಂದು ಪ್ರತ್ಯೇಕ ಉದ್ಯೋಗ.

ಸ್ಟ್ರಾಸ್‌ಬರ್ಗ್ ಕಲಿಸಿದ್ದು

2021ರ ಮಾರ್ಚ್ 10ರ ನಡುರಾತ್ರಿ ಕಳೆದ ಮೇಲೆ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಐದು ಮಹಡಿಯ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು. ಡೆಡಿಕೇಟೆಡ್ ಸರ್ವರ್‌ಗಳಿಗೆ ಯುರೋಪಿನಲ್ಲೇ ಹೆಸರಾದ ಕಂಪನಿ ಅದು. ಎಸ್‌ಬಿಜಿ2 ಎಂಬ ಆ ಕಟ್ಟಡ ಪೂರ್ತಿ ಸುಟ್ಟುಹೋಯಿತು, ಪಕ್ಕದ ಎಸ್‌ಬಿಜಿ1ರ ಒಂದು ಭಾಗವೂ ಹೋಯಿತು. ಇಂಟರ್‌ನೆಟ್ ಸಮೀಕ್ಷೆ ನಡೆಸುವ ನೆಟ್‌ಕ್ರಾಫ್ಟ್ ಲೆಕ್ಕದ ಪ್ರಕಾರ ಸುಮಾರು 36 ಲಕ್ಷ ವೆಬ್‌ಸೈಟ್‌ಗಳು ಕಣ್ಮರೆಯಾದವು. ನಿಮ್ಮ ನಿಮ್ಮ ವಿಪತ್ತು ಯೋಜನೆಯನ್ನು ಜಾರಿಗೆ ತನ್ನಿ ಎಂದು ಸ್ಥಾಪಕ ಆಕ್ಟೇವ್ ಕ್ಲಾಬಾ ಗ್ರಾಹಕರಿಗೆ ಟ್ವಿಟರ್‌ನಲ್ಲಿ ಸಲಹೆ ಕೊಟ್ಟರು. ಅಂಥ ಯೋಜನೆ ತಮ್ಮ ಕೆಲಸ ಎಂದು ಅನೇಕರಿಗೆ ಗೊತ್ತಾದದ್ದು ಆಗಲೇ.

ಬ್ಯಾಕಪ್ ಸೇವೆಗೆ ಪ್ರತ್ಯೇಕ ಹಣ ಕೊಟ್ಟಿದ್ದ ಗ್ರಾಹಕರೂ ಇದ್ದರು. ಅಂಥ ಒಂದು ಸಂಸ್ಥೆಯ ಬ್ಯಾಕಪ್ ಪ್ರತಿಗಳು ಅದೇ ಕಟ್ಟಡದಲ್ಲಿದ್ದವು. ಮೂಲದೊಂದಿಗೆ ಪ್ರತಿಯೂ ಸುಟ್ಟಿತು. 2023ರಲ್ಲಿ ಲಿಲ್‌ನ ವಾಣಿಜ್ಯ ನ್ಯಾಯಾಲಯ ಆ ಸಂಸ್ಥೆಗೆ ಸುಮಾರು ಒಂದು ಲಕ್ಷ ಯೂರೋ ಪರಿಹಾರ ಕೊಡುವಂತೆ ಆದೇಶಿಸಿತು. ಪರಿಹಾರ ಸಿಗಬಹುದು, ಡೇಟಾ ಮರಳುವುದಿಲ್ಲ.

ಇದರಿಂದ ತೆಗೆದುಕೊಳ್ಳಬೇಕಾದ ನಿಯಮಗಳು ಸ್ಪಷ್ಟ. ರೇಡ್ ಬ್ಯಾಕಪ್ ಅಲ್ಲ. ತಪ್ಪಾಗಿ ಅಳಿಸಿದ ಕಡತ ಎರಡೂ ಡಿಸ್ಕ್‌ನಿಂದ ಒಟ್ಟಿಗೇ ಅಳಿಯುತ್ತದೆ. ಬ್ಯಾಕಪ್ ಬೇರೆ ಊರಿನಲ್ಲಿ, ಸಾಧ್ಯವಾದರೆ ಬೇರೆ ಕಂಪನಿಯಲ್ಲಿ, ಮುಖ್ಯ ಸರ್ವರ್‌ನ ಪಾಸ್‌ವರ್ಡ್‌ನಿಂದ ಅಳಿಸಲಾಗದಂತೆ ಇರಬೇಕು. ಮರುಸ್ಥಾಪಿಸಿ ನೋಡದ ಬ್ಯಾಕಪ್ ಮೇಲೆ ಭರವಸೆ ಇಡಬಾರದು. 2017ರ ಜನವರಿ ಕೊನೆಯಲ್ಲಿ ಗಿಟ್‌ಲ್ಯಾಬ್‌ನ ಎಂಜಿನಿಯರ್ ಒಬ್ಬರು ತಪ್ಪಿ ಮುಖ್ಯ ಡೇಟಾಬೇಸ್ ಅಳಿಸಿದಾಗ, ಆ ತಂತ್ರಜ್ಞಾನ ಕಂಪನಿಯ ಐದು ಬಗೆಯ ಬ್ಯಾಕಪ್ ಏರ್ಪಾಡುಗಳಲ್ಲಿ ಯಾವುದೂ ನೆಟ್ಟಗೆ ಕೆಲಸ ಮಾಡಿರಲಿಲ್ಲ. ಅದೃಷ್ಟಕ್ಕೆ ಆರು ಗಂಟೆ ಹಿಂದಿನ ಒಂದು ಪ್ರತಿ ಸಿಕ್ಕಿತು.

ಕಾನೂನು ಯಾರನ್ನು ಹಿಡಿಯುತ್ತದೆ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೊಣೆಯ ಪ್ರಶ್ನೆಗೆ ನೇರ ಉತ್ತರ ಕೊಟ್ಟಿದೆ. ಗ್ರಾಹಕರ ಮಾಹಿತಿಯನ್ನು ಸಂಗ್ರಹಿಸಿದ ಸಂಸ್ಥೆಯೇ ಅದಕ್ಕೆ ಉತ್ತರದಾಯಿ. ಬೇರೆಯವರ ಕೈಯಲ್ಲಿ ಕೆಲಸ ಮಾಡಿಸಿದರೂ, ಒಪ್ಪಂದದಲ್ಲಿ ಏನೇ ಬರೆದಿದ್ದರೂ ಈ ಹೊಣೆ ಜಾರದು. ತಕ್ಕ ಭದ್ರತೆ ಒದಗಿಸದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಕರ್ತವ್ಯಗಳು ಅಲ್ಲಿಂದ ಹದಿನೆಂಟು ತಿಂಗಳಿಗೆ ಜಾರಿಗೆ ಬರುವಂತಿವೆ. ರೋಗಿಗಳ ವರದಿ ಇಡುವ ಲ್ಯಾಬ್ ಇದನ್ನು ಇಂದೇ ಗಮನದಲ್ಲಿಡಬೇಕು.

ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸೈಬರ್ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ ಉಳಿಸಿಟ್ಟಿರಬೇಕು. ಪ್ರೈವೇಟ್ ಲಿಮಿಟೆಡ್ ಆಗಿ ನೋಂದಾಯಿಸಿದವರಿಗೆ ಇನ್ನೊಂದಿದೆ: ಲೆಕ್ಕಪುಸ್ತಕಗಳನ್ನು ಎಲ್ಲೇ ಇಟ್ಟರೂ ಅವುಗಳ ಬ್ಯಾಕಪ್ ಭಾರತದೊಳಗಿನ ಸರ್ವರ್‌ನಲ್ಲಿ ಪ್ರತಿದಿನ ಆಗಬೇಕು ಎಂದು 2022ರ ಆಗಸ್ಟ್‌ನಲ್ಲಿ ತಿದ್ದಿದ ಕಂಪನಿ ಲೆಕ್ಕಪತ್ರ ನಿಯಮ ಹೇಳುತ್ತದೆ. ಜರ್ಮನಿಯಲ್ಲಿ ಅಗ್ಗದ ಸರ್ವರ್ ಹಿಡಿದು ಅಲ್ಲೇ ಬ್ಯಾಕಪ್ ಇಟ್ಟವರು ಈ ನಿಯಮವನ್ನು ತಮಗರಿವಿಲ್ಲದೆ ಮುರಿಯುತ್ತಿರುತ್ತಾರೆ.

ಒಪ್ಪಂದದ ಸಣ್ಣ ಅಕ್ಷರ

‘99.9% ಅಪ್‌ಟೈಮ್’ ಅಂದರೆ ವರ್ಷಕ್ಕೆ ಸುಮಾರು ಎಂಟೂಮುಕ್ಕಾಲು ಗಂಟೆ ಬಂದ್ ಆಗಬಹುದು ಎಂದರ್ಥ, 99.99% ಆದರೆ 53 ನಿಮಿಷ. ಈ ಭರವಸೆ ಸಾಮಾನ್ಯವಾಗಿ ನೆಟ್‌ವರ್ಕ್ ಮತ್ತು ಕರೆಂಟಿಗೆ ಮಾತ್ರ, ನಿಮ್ಮ ಡಿಸ್ಕ್‌ಗಲ್ಲ. ತಪ್ಪಿದರೆ ಕೊಡುವ ಪರಿಹಾರವೂ ಬಾಡಿಗೆಯ ಪ್ರಮಾಣದಲ್ಲೇ. ತಿಂಗಳಿಗೆ 12,000 ರೂಪಾಯಿ ಬಾಡಿಗೆಯ ಸರ್ವರ್ ಅರ್ಧ ದಿನ ನಿಂತರೆ ಅದೇ ಪ್ರಮಾಣದಲ್ಲಿ ಬರುವುದು 200 ರೂಪಾಯಿ. ಆ ಅರ್ಧ ದಿನದ ಬಿಲ್ಲಿಂಗ್ ನಷ್ಟ ನಿಮ್ಮದೇ. ಆದ್ದರಿಂದ ಶೇಕಡಾವಾರಿಗಿಂತ ‘ಕೆಟ್ಟ ಡಿಸ್ಕ್ ಎಷ್ಟು ಗಂಟೆಯಲ್ಲಿ ಬದಲಿಸುತ್ತೀರಿ, ಭಾನುವಾರ ರಾತ್ರಿಯೂ ಹಾಗೆಯೇ ತಾನೇ?’ ಎಂಬ ಪ್ರಶ್ನೆಗೆ ಸಿಗುವ ಲಿಖಿತ ಉತ್ತರ ಹೆಚ್ಚು ಬೆಲೆಯುಳ್ಳದ್ದು.

ಹಣದ ದಾರಿಯಲ್ಲೂ ಮುಳ್ಳುಗಳಿವೆ. ದೇಶದೊಳಗಿನ ಬಿಲ್ಲಿಗೆ 18% ಜಿಎಸ್‌ಟಿ. ನೋಂದಾಯಿತರು ಹೂಡುವಳಿ ತೆರಿಗೆ ಮರಳಿ ಪಡೆಯಬಹುದು. ವಿದೇಶಿ ಕಂಪನಿಯಾದರೆ ರಿವರ್ಸ್ ಚಾರ್ಜ್‌ನಲ್ಲಿ ತೆರಿಗೆ ನೀವೇ ಕಟ್ಟಬೇಕು, ಡಾಲರ್–ಯೂರೋ ಏರಿಳಿತವೂ ನಿಮ್ಮದೇ. ಕಾರ್ಡಿನಿಂದ ತಾನಾಗಿ ಕಡಿತವಾಗುವ 15,000 ರೂಪಾಯಿ ಮೀರಿದ ಪಾವತಿಗೆ ರಿಸರ್ವ್ ಬ್ಯಾಂಕ್ ನಿಯಮದಂತೆ ಪ್ರತಿ ಬಾರಿ ಹೆಚ್ಚುವರಿ ದೃಢೀಕರಣ ಬೇಕು. ವಿದೇಶಿ ಹೋಸ್ಟ್‌ಗಳಲ್ಲಿ ಈ ಪಾವತಿ ಸದ್ದಿಲ್ಲದೆ ವಿಫಲವಾಗಿ, ಕೆಲವು ದಿನ ಕಳೆದು ಸರ್ವರ್ ಅಮಾನತಾಗುವ ಅಪಾಯವಿದೆ. ಬಿಲ್ಲಿನ ಇಮೇಲ್ ಮಾಲೀಕರಿಗೂ ಲೆಕ್ಕ ವಿಭಾಗಕ್ಕೂ ಹೋಗುವಂತೆ ನೋಡಿಕೊಂಡರೆ ಇದು ತಪ್ಪುತ್ತದೆ.

ಹೊರಬರುವ ದಾರಿಯನ್ನು ಒಳಹೋಗುವ ಮೊದಲೇ ನೋಡಿಡಬೇಕು. ಒಂದು ವರ್ಷದ ಮುಂಗಡಕ್ಕೆ ರಿಯಾಯಿತಿ ಕೊಡುವವರು ಬಹಳ. ಮೊದಲ ಮೂರು ತಿಂಗಳು ತಿಂಗಳ ಲೆಕ್ಕದಲ್ಲೇ ಇರುವುದು ಕ್ಷೇಮ. ಡೊಮೈನ್ ಹೆಸರು ಹೋಸ್ಟ್‌ನ ಬಳಿಯೂ ಬೇಡ, ವೆಬ್‌ಸೈಟ್ ಮಾಡಿಕೊಟ್ಟವರ ಹೆಸರಿನಲ್ಲಂತೂ ಬೇಡವೇ ಬೇಡ. ವ್ಯಾಪಾರದ ಹೆಸರಿನಲ್ಲಿ, ಬೇರೆ ಖಾತೆಯಲ್ಲಿರಲಿ. ಡೊಮೈನ್ ಕೈಯಲ್ಲಿದ್ದರೆ, ಬ್ಯಾಕಪ್ ಹೊರಗಿದ್ದರೆ, ಯಾವ ಹೋಸ್ಟ್ ಕೈಕೊಟ್ಟರೂ ಒಂದು ದಿನದಲ್ಲಿ ಇನ್ನೊಂದೆಡೆ ಎದ್ದು ನಿಲ್ಲಬಹುದು.

ಹಾಗಾದರೆ ಯಾವುದು?

ಪರಿಚಯ ಪುಟ ಮತ್ತು ಇಮೇಲ್ ಮಾತ್ರ ಇರುವವರಿಗೆ ಡೆಡಿಕೇಟೆಡ್ ಬೇಡ. ಹತ್ತು ಹದಿನೈದು ಜನ ಬಳಸುವ ಇಆರ್‌ಪಿಗೆ ದೇಶದೊಳಗಿನ ಒಂದು ಒಳ್ಳೆಯ ವಿಪಿಎಸ್ ಬಹುತೇಕ ಸಾಕು. ಹಾರ್ಡ್‌ವೇರ್ ಕೆಟ್ಟರೆ ಬೇರೆ ಯಂತ್ರಕ್ಕೆ ಸಾಗಿಸುವ ತಲೆನೋವು ಕೊಡುವವರದೇ. ಹೊರೆ ಸ್ಥಿರವಾಗಿದ್ದು, ಡೇಟಾಬೇಸ್ ದೊಡ್ಡದಾಗಿ ವಿಪಿಎಸ್ ಏದುಸಿರು ಬಿಡುತ್ತಿದ್ದರೆ, ಅಥವಾ ಸಾಗಣೆಯ ಬಿಲ್ಲು ಕಣ್ಣು ಕುಕ್ಕುತ್ತಿದ್ದರೆ, ಆಗ ಡೆಡಿಕೇಟೆಡ್ ಹಣಕ್ಕೆ ತಕ್ಕ ಬೆಲೆ ಕೊಡುತ್ತದೆ. ಸ್ವಂತ ಯಂತ್ರ ಕೊಂಡು ಕೋಲೊಕೇಶನ್‌ಗೆ ಹೋಗುವುದು ತಾಂತ್ರಿಕ ತಂಡವಿರುವವರಿಗೆ ಬಿಟ್ಟ ವಿಷಯ. ಆದಾಯ ತೆರಿಗೆಯಲ್ಲಿ ಕಂಪ್ಯೂಟರ್‌ಗೆ ಸಿಗುವ 40% ಸವಕಳಿಯೊಂದನ್ನೇ ನೋಡಿ ಆ ದಾರಿ ಹಿಡಿಯಬಾರದು.

ಯಾವ ಕಂಪನಿ, ಯಾವ ಯಂತ್ರ ಎಂದು ನೋಡುವ ಮೊದಲು ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆಯಿರಿ: ಅಪ್‌ಡೇಟ್ ಮಾಡುವವರು, ಬ್ಯಾಕಪ್ ಮರುಸ್ಥಾಪಿಸಿ ನೋಡುವವರು, ರಾತ್ರಿ ಫೋನ್ ಎತ್ತುವವರು, ಆರು ಗಂಟೆಯೊಳಗೆ ವರದಿ ಕಳಿಸುವವರು. ಪ್ರತಿ ಸಾಲಿನ ಮುಂದೆ ಒಬ್ಬರ ಹೆಸರು, ಒಂದು ಫೋನ್ ನಂಬರ್ ಬರೆಯಲು ಸಾಧ್ಯವಾದರೆ ಡೆಡಿಕೇಟೆಡ್ ಸರ್ವರ್ ಹಿಡಿಯಿರಿ. ಒಂದು ಸಾಲು ಖಾಲಿ ಉಳಿದರೂ ಆ ಹೆಸರನ್ನು ಹಣ ಕೊಟ್ಟು ತುಂಬಿಸಿಕೊಳ್ಳಿ, ಅಥವಾ ಸದ್ಯಕ್ಕೆ ವಿಪಿಎಸ್‌ನಲ್ಲೇ ಇರಿ.